ಬೂದಿ ಕಮರಿಯ ಕಲ್ಲುಹುಡುಗ

ಜೋರ್ಡನ್ ವ್ಯಾಲಿ, ಆರೆಗನ್
ಸೋಮವಾರ, ಆಗಸ್ಟ್ ೯, ೧೯೩೭

ಪ್ರೀತಿಯ ಲೈಲ್,

ಮೂರು ವಾರದಿಂದ ನಿನಗೆ ಒಂದು ಸಾಲೂ ಬರೆದಿಲ್ಲ. ಕೋಪ ಬಂದಿದ್ದರೆ ಆಮೇಲೆ ತೀರಿಸಿಕೊ, ಈಗ ಇದನ್ನು ಕೊನೆಯವರೆಗೂ ಓದು. ಪೆತ್ರಾಗೆ ಮೊದಲ ಹಲ್ಲು ಬರುತ್ತಿದೆ. ವಸಡು ಕೆಂಪಗೆ ಊದಿಕೊಂಡಿದೆ, ಜ್ವರವೂ ಇದೆ. ಹೆಗಲಿನಿಂದ ಇಳಿಸಿದರೆ ಸಾಕು, ಸೂರು ಹಾರಿಹೋಗುವ ಹಾಗೆ ಅಳುತ್ತಾಳೆ. ಅವಳನ್ನು ಹೊತ್ತುಕೊಂಡು ಅಮ್ಮನ ಊಟದ ಮನೆಯ ಉದ್ದನೆಯ ಮೇಜಿನ ಸುತ್ತ ನಾನು ನಡೆದ ದೂರ, ನೀನು ಈ ಬೇಸಿಗೆಯಲ್ಲಿ ಅಳೆದ ನೆಲಕ್ಕಿಂತ ಹೆಚ್ಚಿರಬೇಕು. ನಿದ್ದೆ ಎನ್ನುವುದು ಬೇರೆ ಯಾರೋ ಮಾಡುವ ಕೆಲಸ ಅನ್ನಿಸಿಬಿಟ್ಟಿದೆ. ಮೊನ್ನೆ ಕಡಲೆ ಬೇಯಲು ಇಟ್ಟು ಒಲೆಯ ಮುಂದೆ ನಿಂತೇ ತೂಕಡಿಸಿದೆ, ಪಾತ್ರೆಯ ತಳ ಹತ್ತಿತು. ಅಮ್ಮ ಬಂದು ನೋಡಿ, "ನಿಂತ್ಕೊಂಡು ನಿದ್ದೆ ಮಾಡೋದನ್ನ ಕಲಿಯೋಕೆ ಕಾಲೇಜಿಗೆ ಕಳಿಸ್ಬೇಕಿತ್ತಾ? ಲಾಯದಲ್ಲಿ ಕಟ್ಟಿದ್ರೆ ಸಾಕಿತ್ತು" ಅಂದಳು. ಮೇಜಿಗೆ ಕೂತಿದ್ದ ಕುರಿಗಾಹಿಗಳೆಲ್ಲ ನಕ್ಕರು. ನಾನೂ ನಕ್ಕೆ. ಅದು ಶನಿವಾರದ ಮಾತು.

ಈಗ ಈ ಮನೆಯಲ್ಲಿ ಯಾರಿಗೂ ನಗು ಬರುತ್ತಿಲ್ಲ. ಅಪ್ಪ ಕಾಣೆಯಾಗಿದ್ದಾನೆ, ಲೈಲ್.

ನಿನ್ನೆ ಭಾನುವಾರ ಅಪ್ಪ ಹಿಂಡಿನ ಜೊತೆ ಗುಬ್ಬಿ ಒರತೆಯ ಹತ್ತಿರ ಇರಬೇಕಿತ್ತು. ಚಿಕ್ಕಪ್ಪ ಕಾಲಿಸ್ತೊ ಎಂದಿನ ಹಾಗೆ ಲಾರಿಯಲ್ಲಿ ಬ್ರೆಡ್ಡು, ಬೀನ್ಸು, ವೈನು ತುಂಬಿಕೊಂಡು ಅಲ್ಲಿಗೆ ಹೋದ. ಒರತೆ ಬತ್ತಿ ಬರೀ ಕೆಸರಾಗಿತ್ತಂತೆ. ಅಪ್ಪನೂ ಇಲ್ಲ, ಹಿಂಡೂ ಇಲ್ಲ. ಹುಡುಕುತ್ತ ಹೋದರೆ ಆಚೆ ಬಯಲಿನಲ್ಲಿ ಕುರಿಗಳು ಚೆಲ್ಲಾಪಿಲ್ಲಿಯಾಗಿದ್ದವು. ನಾಯಿ ಒಂದೇ ಅವನ್ನು ಸುತ್ತಿ ಸುತ್ತಿ ಸುಸ್ತಾಗಿ ನಾಲಿಗೆ ಚಾಚಿ ಮಲಗಿತ್ತು. ಕತ್ತೆಯ ಬೆನ್ನಿನ ಮೇಲೆ ಹಾಸಿಗೆ, ಪಾತ್ರೆ, ಬಂದೂಕು ಎಲ್ಲ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ನೀರಿನ ಚೀಲ ಮಾತ್ರ ಇರಲಿಲ್ಲ. ಎಂದರೆ ಅಪ್ಪ ನೀರು ನೋಡಿಕೊಂಡು ಬರಲು ಒಬ್ಬನೇ ನಡೆದು ಹೋಗಿದ್ದಾನೆ. ಯಾವ ಕಡೆಗೆ ಹೋದ ಎಂದು ತಿಳಿಯುವುದು ಹೇಗೆ? ಬಾಯಾರಿದ ಕುರಿ ನಿಂತಲ್ಲಿ ನಿಲ್ಲುವುದಿಲ್ಲ. ಅವನು ಅವನ್ನು ಬಿಟ್ಟುಹೋದ ಜಾಗ ಎಲ್ಲೋ, ಅವು ಸಿಕ್ಕ ಜಾಗ ಎಲ್ಲೋ.

ಬೆಳಿಗ್ಗೆ ಚಿಕ್ಕಪ್ಪ ಊರಿಗೆ ಬಂದು ಜನ ಸೇರಿಸುತ್ತಿದ್ದಾನೆ. "ಅಣ್ಣ ಹಿಂಡು ಬಿಟ್ಟು ಹೋಗೋನಲ್ಲ, ಪುಟ್ಟಿ. ಹೆಂಡ್ತೀನಾದ್ರೂ ಬಿಟ್ಟಾನು" ಅಂದ. ಅಮ್ಮ ಪಕ್ಕದಲ್ಲೇ ಇದ್ದಳು. ಎಂದಿನ ದಿನವಾಗಿದ್ದರೆ ಸೌಟು ಎತ್ತುತ್ತಿದ್ದಳು. ಇವತ್ತು ಬ್ರೆಡ್ಡು ಕೊಯ್ಯುತ್ತಲೇ ಇದ್ದಳು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

ನಾನು ಅಂಗಡಿಗೆ ಓಡಿಹೋಗಿ ಗೋಡೆಗೆ ತೂಗುಹಾಕಿದ್ದ ಹಳೆಯ ನಕ್ಷೆ ನೋಡಿದೆ. ಗುಬ್ಬಿ ಒರತೆಯಿಂದ ನದಿಯವರೆಗೆ ಏನೂ ಇಲ್ಲ, ಬರೀ ಬಿಳಿ. ಆ ಬಿಳಿಯೊಳಗೆ ಎಲ್ಲೋ ನನ್ನಪ್ಪ ಇದ್ದಾನೆ. ಅದನ್ನು ತುಂಬಿಸಿರುವುದು ಸರ್ಕಾರಕ್ಕಾಗಿ ನೀನು ಬರೆಯುತ್ತಿರುವ ನಕ್ಷೆಯ ಹಾಳೆ, ಇಡೀ ದೇಶದಲ್ಲಿ ಅದು ಒಂದೇ ಒಂದು. ಅದು ನಿನ್ನ ಮೂರು ಕಾಲಿನ ಮೇಜಿನ ಮೇಲಿದೆ. ಎಷ್ಟು ಕಮರಿ, ಎಷ್ಟು ತಗ್ಗು, ಯಾವ ಬಂಡೆಯ ಕೆಳಗೆ ತೊಟ್ಟಿಕ್ಕುವ ನೀರು, ಎಲ್ಲ ನಿನಗೆ ಗೊತ್ತು. "ನಿನ್ನ ಗಂಡ ಕುರಿಗಳಿಗೂ ಗೊತ್ತಿರೋ ಬೆಟ್ಟಾನ ಸರ್ಕಾರಕ್ಕೆ ಪರಿಚಯ ಮಾಡಿಸ್ತಾನೆ" ಎಂದು ಅಪ್ಪ ನಿನ್ನನ್ನು ಛೇಡಿಸುತ್ತಿದ್ದನಲ್ಲ. ಈಗ ಅದನ್ನು ನಮಗೆ ಪರಿಚಯ ಮಾಡಿಸು.

ಸಾಮಾನು ಹೊರುವ ಹೇಸರಗತ್ತೆಗಳನ್ನು ಹೊಡೆದುಕೊಂಡು ನಿನ್ನ ಆಳು ರೂಫಸ್ ಮಧ್ಯಾಹ್ನ ನಿನ್ನ ಶಿಬಿರಕ್ಕೆ ಹೊರಡುತ್ತಾನೆ. ಬುಧವಾರಕ್ಕೆ ಈ ಕಾಗದ ನಿನ್ನ ಕೈ ಸೇರುತ್ತದೆ. ಅಲ್ಲಿಂದ ಗುಬ್ಬಿ ಒರತೆಗೆ ಕುದುರೆಯ ಮೇಲೆ ಒಂದು ಹಗಲಿನ ದಾರಿ ಎಂದು ನೀನೇ ಹೇಳಿದ್ದೆ. ಓದಿದ ಕೂಡಲೇ ಹೊರಡು. ಹಾಳೆ ತಗೊಂಡು ಬಾ. ಬೇಡಿಕೊಳ್ಳುತ್ತಿದ್ದೇನೆ.

ನಿನ್ನ
ಬೆನಿತಾ

ಗುರುವಾರ, ಆಗಸ್ಟ್ ೧೨

ಲೈಲ್,

ನೀನು ದಾರಿಯಲ್ಲಿದ್ದರೆ ಈ ಕಾಗದ ನಿನಗೆ ಎದುರಾಗಲಿ. ಮೇಲಿನ ತೋಟದಮನೆಯ ಆಳೊಬ್ಬ ವೇಗದ ಕುದುರೆಯ ಮೇಲೆ ಹೊರಟಿದ್ದಾನೆ, ರಾತ್ರಿಯೂ ನಿಲ್ಲುವುದಿಲ್ಲ ಎಂದಿದ್ದಾನೆ.

ಮಂಗಳವಾರ, ಬುಧವಾರ ಇವರೆಲ್ಲ ತಮಗೆ ಗೊತ್ತಿರುವ ಒಂದೊಂದು ಒರತೆಯನ್ನೂ ನೋಡಿ ಬಂದರು. ನೀರು ಹುಡುಕಿಕೊಂಡು ಹೋದವನು ನೀರಿರುವ ಕಡೆಗೇ ಹೋಗಿರಬೇಕು ಎನ್ನುವುದು ಅವರ ಲೆಕ್ಕ. ಬೂದಿ ಕಮರಿಯ ಕಡೆ ಯಾರೂ ತಲೆ ಹಾಕಲಿಲ್ಲ. ಅದು ನೆತ್ತಿಯಿಂದ ಬುಡದವರೆಗೆ ಒಣಗಿದ್ದು ಎಂದು ಇಲ್ಲಿಯ ಪ್ರತಿ ಕುರಿಗಾಹಿಗೂ ಗೊತ್ತು. ಅಪ್ಪನಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಇವತ್ತು ಮಧ್ಯಾಹ್ನ ಚಿಕ್ಕಪ್ಪ ಹಗ್ಗ ಒಯ್ಯಲು ಬಂದ. ಮುಖದ ತುಂಬ ಧೂಳು, ತುಟಿ ಒಡೆದು ರಕ್ತ. ಪೆತ್ರಾ ಅವನನ್ನು ನೋಡಿ ಹೆದರಿ ನನ್ನ ಕುತ್ತಿಗೆಯಲ್ಲಿ ಮುಖ ಮುಚ್ಚಿಕೊಂಡಳು.

"ಏನಾದ್ರೂ ಸಿಕ್ತಾ ಚಿಕ್ಕಪ್ಪ?"

"ಒಂದು ಕಲ್ಲುಹುಡುಗ ಸಿಕ್ತು. ಬೂದಿ ಕಮರಿಯ ಅಂಚಲ್ಲಿ, ಹೊಸದು. ತಲೆಗಲ್ಲು ಇರೋದು."

"ಯಾರು ಇಟ್ಟಿದ್ದು?"

"ಅದೇ ತಿಳೀತಿಲ್ಲ. ನಮ್ಮವ್ರದ್ದೇ ಕೈ. ಆದ್ರೆ ನಮ್ಮವ್ರಲ್ಲಿ ಯಾರನ್ನ ಕೇಳಿದ್ರೂ ನಾನಲ್ಲ ಅಂತಾರೆ. ಅದರ ಕೆಳಗೆ ಅಣ್ಣನ ಬೂಟಿನ ಗುರುತಿದೆ. ಅಲ್ಲಿಂದ್ಲೇ ಇಳಿದಿದ್ದಾನೆ."

ಲೈಲ್, ಇದನ್ನು ನಿನಗೆ ಯಾರೂ ಹೇಳಿಕೊಟ್ಟಿಲ್ಲ. ನಮ್ಮ ಕುರಿಗಾಹಿ ಜನ ಬಯಲಿನಲ್ಲಿ ಕಲ್ಲು ಪೇರಿಸಿ ಕಲ್ಲುಹುಡುಗನನ್ನು ನಿಲ್ಲಿಸುವುದನ್ನು ನೀನು ನೋಡಿದ್ದೀಯ. ಬೇಸರ ಕಳೆಯಲು ಪೇರಿಸುತ್ತಾರೆ, ಒಬ್ಬರೇ ಇರುವವರು ಮಾತಾಡಲು ಒಬ್ಬ ಹುಡುಗನನ್ನು ಮಾಡಿಕೊಳ್ಳುತ್ತಾರೆ ಎಂದು ನೀನು ತಿಳಿದಿದ್ದೆ. ಹೆಚ್ಚಿನವು ಹಾಗೆಯೇ. ಆದರೆ ನೆತ್ತಿಯ ಮೇಲೆ ಉದ್ದನೆಯ ಚಪ್ಪಟೆ ತಲೆಗಲ್ಲು ಅಡ್ಡ ಇಟ್ಟಿದ್ದರೆ ಅದು ಬೇಸರಕ್ಕೆ ಇಟ್ಟದ್ದಲ್ಲ. ಆ ಕಲ್ಲಿನ ಮೂತಿ ಯಾವ ಕಡೆಗೋ ಆ ಕಡೆಗೆ ನೀರು. ಯಾರೂ ಯಾರಿಗೂ ಕೂರಿಸಿ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು. ನೀರಿಲ್ಲದ ಕಡೆಗೆ ಮೂತಿ ತಿರುಗಿಸಿ ಇಡುವವನು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಬಾವಿಗೆ ವಿಷ ಹಾಕಿದ ಹಾಗೆ ಅದು.

ಚಿಕ್ಕಪ್ಪ ಜೇಬಿನಿಂದ ಒಂದು ಬಿಳಿ ಚಿಂದಿ ತೆಗೆದ. "ಅಲ್ಲೇ ಪೊದೆಗೆ ಸಿಕ್ಕಿಕೊಂಡಿತ್ತು. ಗಾಳಿಗೆ ಹಾರಿ ಬಂದಿರ್ಬೇಕು" ಅಂದ.

ನಾನು ಅದನ್ನು ಕೈಗೆ ತೆಗೆದುಕೊಂಡೆ. ಅಂಚು ಮಡಿಸಿ ನೀಲಿ ದಾರದಲ್ಲಿ ಹೊಲಿದಿತ್ತು. ಮಾರ್ಚಿನಲ್ಲಿ ನಮ್ಮ ಹಳೆಯ ಹಾಸಿಗೆಯ ಬಟ್ಟೆ ಕತ್ತರಿಸಿ, ಗಾಳಿಗೆ ನೂಲು ಬಿಚ್ಚದಿರಲಿ ಎಂದು ನಾನೇ ಹೊಲಿದುಕೊಟ್ಟ ನಿನ್ನ ಅಳತೆಯ ಬಾವುಟಗಳಲ್ಲಿ ಒಂದು.

ಪೆತ್ರಾಳನ್ನು ಅಮ್ಮನ ಕೈಗೆ ಕೊಟ್ಟು ಚಿಕ್ಕಪ್ಪನನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಅಲ್ಲಿ ಹೇಳಿದೆ. ವಸಂತದಲ್ಲಿ ನೀನು ಅಪ್ಪನ ಜೊತೆ ಮರಿ ಹಾಕಿಸುವ ಬಿಡಾರದಲ್ಲಿ ಒಂದು ವಾರ ಇದ್ದು ಬಂದೆಯಲ್ಲ, ಬೆರಳೆಲ್ಲ ಜಜ್ಜಿಕೊಂಡು. ಗಾಳಿಗೆ ಬೀಳದ ಹಾಗೆ ಕಲ್ಲು ಪೇರಿಸುವುದನ್ನು ಮಾವ ಕಲಿಸಿದ, ಮೇಲೆ ಉದ್ದ ಕಲ್ಲು ಇಟ್ಟರೆ ಇಡೀ ಭಾರ ಕಚ್ಚಿಕೊಳ್ಳುತ್ತದೆ, ಇನ್ನು ಮೇಲೆ ನನ್ನ ಎಲ್ಲ ಗುರುತಿನ ಕಂಬಗಳಿಗೂ ಹೀಗೇ ಮಾಡುತ್ತೇನೆ ಎಂದು ನೀನು ಎಷ್ಟು ಖುಷಿಯಿಂದ ಹೇಳಿದ್ದೆ. ಮೂತಿಯನ್ನು ಹಿಂದಿನ ಕಂಬದ ದಿಕ್ಕಿಗೆ ತಿರುಗಿಸಿ ಇಟ್ಟರೆ ದುರ್ಬೀನು ಹಿಡಿಯುವುದು ಸುಲಭ ಎಂದೂ ಹೇಳಿದ್ದೆ. ನಾನು ಮಗುವಿಗೆ ಹಾಲು ಕುಡಿಸುತ್ತಾ ಹೂಂ ಅನ್ನುತ್ತಿದ್ದೆ. ಅಪ್ಪ ಪಕ್ಕದಲ್ಲೇ ಕೂತು, ಅರ್ಧ ಕಿವಿ ನಿನ್ನ ಇಂಗ್ಲಿಷಿಗೆ ಕೊಟ್ಟು, ತಲೆದೂಗುತ್ತಿದ್ದ. ಅವನಿಗೆ ಎಷ್ಟು ಅರ್ಥವಾಗಿತ್ತೋ.

ಬಾವುಟ ಗಾಳಿಗೆ ಹರಿದುಹೋಗಿದೆ. ಉಳಿದದ್ದು ಕಲ್ಲು. ಅಪ್ಪ ನೋಡಿದ್ದು ಅದನ್ನೇ. ಒಣ ಕಮರಿಯೇ ಇರಬಹುದು, ಆದರೆ ನಮ್ಮವನೊಬ್ಬ ನೀರು ಕಂಡುಕೊಂಡು ತಲೆಗಲ್ಲು ಇಟ್ಟಿದ್ದಾನೆ ಎಂದ ಮೇಲೆ ಅವನು ಯಾಕೆ ಅನುಮಾನಪಡಬೇಕು?

ಚಿಕ್ಕಪ್ಪ ಆ ಚಿಂದಿಯನ್ನು ಮಡಿಸಿ ಮತ್ತೆ ಜೇಬಿಗೆ ಹಾಕಿಕೊಂಡ. "ನಿಮ್ಮಮ್ಮಂಗೆ ಹೇಳ್ಬೇಡ" ಅಂದ. ಆಮೇಲೆ, "ಪಾಪದ ಹುಡುಗ, ಅವನಿಗೇನು ಗೊತ್ತು" ಅಂದ. ಅವನು ಪಾಪ ಎಂದದ್ದು ನಿನ್ನನ್ನು.

ಇಷ್ಟನ್ನು ಯಾಕೆ ಬರೆದೆ ಎಂದರೆ, ನೀನು ಆ ಅಂಚಿನ ಮೇಲೆ ನಿಂತಿದ್ದೀಯ. ಕೆಳಗೆ ಏನಿದೆ ಎಂದು ನೋಡಿದ್ದೀಯ, ಬರೆದಿದ್ದೀಯ. ಇವರಿಗೆ ಅಲ್ಲಿ ಇಳಿಯುವ ದಾರಿ ತಿಳಿಯುತ್ತಿಲ್ಲ. ಅಪ್ಪ ಹಿಡಿದ ಸೀಳಿನಲ್ಲಿ ಬಂಡೆ ಕಳಚಿ ಬಿದ್ದಿದೆ, ಕಾಲಿಟ್ಟರೆ ಮತ್ತೆ ಜಾರುತ್ತಿದೆ. ಮೇಲಿಂದ ಕೂಗಿದರೆ ಉತ್ತರವಿಲ್ಲ. ಆದರೆ ನಾಯಿ ಕೆಳಗೆ ನೋಡಿಕೊಂಡು ಬಾಲ ಆಡಿಸುತ್ತಿದೆಯಂತೆ. ನಾಯಿ ಸತ್ತವರಿಗೆ ಬಾಲ ಆಡಿಸುವುದಿಲ್ಲ ಎಂದು ಚಿಕ್ಕಪ್ಪ ಹೇಳುತ್ತಾನೆ. ಹಗ್ಗ ಅರ್ಧಕ್ಕೂ ಸಾಲುವುದಿಲ್ಲ. ನದಿಯ ಬಾಯಿಯಿಂದ ಸುತ್ತಿ ಒಳಗೆ ಹೋಗಲು ಅರ್ಧ ಗುಂಪು ಹೊರಟಿದೆ. ಅವರು ತಲುಪುವುದು ಶನಿವಾರ.

ನೀನು ಬುಧವಾರವೇ ಹೊರಟಿದ್ದರೆ ಈ ಹೊತ್ತಿಗೆ ಅಲ್ಲಿರಬೇಕು. ಚಿಕ್ಕಪ್ಪ ಬರುವಾಗ ನೀನು ಇನ್ನೂ ಬಂದಿರಲಿಲ್ಲ. ಇನ್ನೊಂದು ಮಾತು, ಬೇರೆ ಅಂಚುಗಳ ಮೇಲೆ ನಿಲ್ಲಿಸಿರುವ ಎಲ್ಲದರ ತಲೆಗಲ್ಲನ್ನೂ ಇಳಿಸುವಂತೆ ನಿನ್ನ ಜನಕ್ಕೆ ಹೇಳಿ ಬಾ. ಬಾಯಾರಿದ ಹಿಂಡುಗಳು ಇನ್ನೂ ಎಷ್ಟೋ ಇವೆ.

ಪೆತ್ರಾ ಮಸಿಯಲ್ಲಿ ಬೆರಳು ಅದ್ದಿದ್ದಾಳೆ, ಕಲೆಗಳು ಅವಳದ್ದು.

ಬೆನಿತಾ

ಭಾನುವಾರ, ಆಗಸ್ಟ್ ೧೫

ಪ್ರೀತಿಯ ಲೈಲ್,

ಈ ಕಾಗದ ಚಿಕ್ಕಪ್ಪ ಕಾಲಿಸ್ತೊನ ಕೈಲಿ ಕೊಟ್ಟಿದ್ದೇನೆ. ಅವನು ತೋಟದಮನೆಯ ಗೇಟಿನ ಹತ್ತಿರ ನಿನಗಾಗಿ ಕಾಯುತ್ತಾನೆ. ಊರೊಳಗೆ ಬರುವ ಮೊದಲು ಅಲ್ಲೇ ಇಳಿದು ಓದು. ಮನೆಗೆ ಬಂದ ಮೇಲೆ ನಮ್ಮಿಬ್ಬರಿಗೂ ಮಾತಾಡಲು ಮೂಲೆ ಸಿಗುವುದಿಲ್ಲ. ಕುರಿ ಬಿಡಾರಗಳಿಂದ ಎಲ್ಲರೂ ಬಂದು ತುಂಬಿಕೊಂಡಿದ್ದಾರೆ. ಇವತ್ತು ದೇವಮಾತೆಯ ಹಬ್ಬ. ಬೆಳಿಗ್ಗೆ ಚರ್ಚಿನಲ್ಲಿ ಹಬ್ಬದ ಪೂಜೆಯನ್ನೇ ಪಾದ್ರಿ ಅಪ್ಪನ ಹೆಸರಿನಲ್ಲಿ ಮಾಡಿದರು.

ಅಪ್ಪ ಇಲ್ಲ, ಲೈಲ್.

ನದಿಯಿಂದ ಒಳಹೊಕ್ಕವರು ನಿನ್ನೆ ಬೆಳಿಗ್ಗೆ ಅವನನ್ನು ತಲುಪಿದರು. ತೊಡೆಯ ಮೂಳೆ ಮುರಿದಿತ್ತು. ಬಂಡೆಯ ನೆರಳಿಗೆ ತೆವಳಿಕೊಂಡು ಹೋಗಿ ಕೂತಿದ್ದ. ಚೀಲದಲ್ಲಿ ನೀರು ಮುಗಿದು ತುಂಬ ಹೊತ್ತಾಗಿರಲಿಲ್ಲವಂತೆ, ಒಳಗೆ ಇನ್ನೂ ತೇವವಿತ್ತು. ಹನಿ ಹನಿಯಾಗಿ ಕುಡಿದು ಕಾದಿದ್ದಾನೆ. ಮೈ ಸೆಟೆದದ್ದು ಇನ್ನೂ ಸಡಿಲವಾಗಿರಲಿಲ್ಲ. "ಶುಕ್ರವಾರ ಸಂಜೆವರೆಗೂ ಇದ್ದ" ಎಂದು ಡಾಕ್ಟರು ಹೇಳಿದರು. ಅವರು ಹೇಳುವಾಗ ಅಮ್ಮ ಕೇಳಿಸಿಕೊಳ್ಳಲಿಲ್ಲ, ನಾನು ಕೇಳಿಸಿಕೊಂಡೆ.

ಇನ್ನೊಂದನ್ನು ಚಿಕ್ಕಪ್ಪ ನನಗೆ ಒಬ್ಬಳಿಗೇ ಹೇಳಿದ. ಅಪ್ಪನ ಪಕ್ಕದ ಮರಳಿನಲ್ಲಿ ಮೊಣಕೈ ಮುಳುಗುವಷ್ಟು ಆಳದ ಗುಂಡಿಯಿತ್ತು. ಅದರ ಪಕ್ಕ ಇನ್ನೊಂದು. ಅದರಾಚೆ ಇನ್ನೊಂದು. ಮುರಿದ ಕಾಲು ಎಳೆದುಕೊಂಡು ಅಪ್ಪ ಬರಿಗೈಯಲ್ಲಿ ತೋಡಿದ್ದಾನೆ, ಎಲ್ಲವನ್ನೂ ಕಲ್ಲಿನ ಮೂತಿ ತೋರಿಸಿದ ನೇರದಲ್ಲೇ. ನೀರು ಸಿಕ್ಕದಿದ್ದಾಗಲೂ ಕಲ್ಲು ಸುಳ್ಳು ಹೇಳುತ್ತಿದೆ ಎಂದು ಅವನಿಗೆ ಅನ್ನಿಸಲಿಲ್ಲ. ತಾನು ತೋಡುವ ಜಾಗ ತಪ್ಪಿರಬೇಕು ಎಂದುಕೊಂಡಿದ್ದಾನೆ.

ನಿನ್ನ ಚೀಟಿ, ಹಾಳೆ ಎರಡೂ ನಿನ್ನೆ ಸಂಜೆ ರೂಫಸ್‌ನ ಕೈಲಿ ಬಂದವು. ಅಷ್ಟರಲ್ಲಿ ಅಪ್ಪನನ್ನು ತಂದು ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಉಳಿದ ತಲೆಗಲ್ಲುಗಳನ್ನು ಇಳಿಸಿಕೊಂಡು ಭಾನುವಾರ ಬರುತ್ತೇನೆ ಎಂದು ನೀನು ಚೀಟಿಯಲ್ಲಿ ಬರೆದಿದ್ದೆ. ನಾನು ಹಾಳೆಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿದೆ. ಎಷ್ಟು ಚೆನ್ನಾಗಿ ಬರೆದಿದ್ದೀಯ. ಒಂದು ತಗ್ಗನ್ನೂ ಬಿಟ್ಟಿಲ್ಲ, ಒರತೆಗಳಿಗೆ ನೀಲಿ ಚುಕ್ಕೆ, ಅಂಚಿನ ಉದ್ದಕ್ಕೂ ಎತ್ತರದ ಗೆರೆಗಳು ಕೂದಲಿನ ಹಾಗೆ ಒತ್ತೊತ್ತಾಗಿ. ಕಲ್ಲಿನ ಜಾಗಕ್ಕೆ ಸಣ್ಣ ತ್ರಿಕೋನ. ಅಲ್ಲಿಂದ ತುಸು ಉತ್ತರಕ್ಕೆ ಬೆರಳು ಸರಿಸಿದರೆ ಒಂದು ಕಡೆ ಗೆರೆಗಳು ಬಿಡಿಬಿಡಿಯಾಗಿ ಹರಡಿಕೊಂಡಿವೆ. ಚಿಕ್ಕಪ್ಪ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ.

"ಇದೇನು, ಇಲ್ಲಿ ಗೆರೆ ಸಡಿಲ ಬಿಟ್ಟಿದ್ದಾನಲ್ಲ?"

"ಇಳಿಜಾರು ಚಿಕ್ಕಪ್ಪ."

"ಎಂಥ ಇಳಿಜಾರು?"

"ನಡೆದು ಇಳಿಯಬಹುದಾದಂಥದ್ದು."

"ಕತ್ತೆ ಇಳಿಯುತ್ತಾ?"

"ಇಳಿಯುತ್ತೆ."

"ಆ ಕಲ್ಲಿನಿಂದ ಎಷ್ಟು ದೂರ?"

"ಒಂದು ಮೈಲಿಯೂ ಇಲ್ಲ."

ಅವನು ಕುರ್ಚಿ ಎಳೆದುಕೊಂಡು ಕೂತ. ಎರಡು ದಿನ ಅದೇ ಅಂಚಿನ ಮೇಲೆ ನಿಂತು ಕೂಗಿದವನು ಅವನು. ಉತ್ತರದ ಕಡೆ ಬಂಡೆ ಗೋಡೆಯ ಹಾಗೆ ಕಾಣುತ್ತದಂತೆ, ಮೇಲೆ ನಿಂತವರಿಗೆ ಅದರ ಹಿಂದೆ ದಾರಿಯಿದೆ ಎಂದು ತಿಳಿಯುವುದೇ ಇಲ್ಲವಂತೆ. ಎದುರಿನ ಅಂಚಿನಿಂದ ದುರ್ಬೀನಿನಲ್ಲಿ ನೋಡಿದವರಿಗೆ ಮಾತ್ರ ಕಾಣುವಂಥದ್ದು.

ಕಲ್ಲಿನ ಬಗ್ಗೆ ನೀನು ನಿನ್ನನ್ನೇ ಹಳಿದುಕೊಳ್ಳಬೇಡ. ಇದನ್ನು ನಾನು ಮನಸ್ಸಿಟ್ಟು ಬರೆಯುತ್ತಿದ್ದೇನೆ. ಅದನ್ನು ನೀನು ಕಲಿತದ್ದು ಅವನಿಂದ, ಇಟ್ಟದ್ದು ಅವನ ಮೇಲಿನ ಅಕ್ಕರೆಯಿಂದ. ಊರಿನವರೆಲ್ಲ ನಮ್ಮವನಲ್ಲ ನಮ್ಮವನಲ್ಲ ಎಂದು ನಿನ್ನನ್ನು ದೂರ ಇಟ್ಟಾಗ ಮದುವೆಯ ಮೇಜಿನಲ್ಲಿ ನಿನಗೆ ಮೊದಲು ವೈನು ಸುರಿದವನು ಅಪ್ಪ. ಅವನು ಬದುಕಿದ್ದಿದ್ದರೆ ಈ ಕಥೆಯನ್ನು ತಾನೇ ಹೇಳಿಕೊಂಡು ನಗುತ್ತಿದ್ದ, ಅಳಿಯನ ಕಲ್ಲು ಮಾವನಿಗೆ ನೀರು ತೋರಿಸಿತು ಎಂದು. ಕುರುಹು ಉಳಿಯದ ಹಾಗೆ ಚಿಕ್ಕಪ್ಪ ಆ ಕಲ್ಲುಹುಡುಗನನ್ನು ಕೆಡವಿ ಬಂದಿದ್ದಾನೆ. ಅಮ್ಮನಿಗೆ ಕಾಲು ಜಾರಿತು ಎಂದಷ್ಟೇ ಗೊತ್ತು. ಅದು ಹಾಗೇ ಇರಲಿ ಎಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ. ನೀನೂ ಹಾಗೇ ಇರಗೊಡು.

ಅಮ್ಮ ಇನ್ನೂ ಅತ್ತಿಲ್ಲ. ಬಂದವರಿಗೆಲ್ಲ ಸೂಪು ಬಡಿಸುತ್ತಿದ್ದಾಳೆ. ಯಾರೋ ಕೂತುಕೊ ಎಂದರೆ, "ಕೂತ್ರೆ ಎದ್ದೇಳೋಕೆ ಯಾರ ಕೈ ಹಿಡೀಲಿ" ಅಂದಳು. ಅರ್ಧ ಗಂಟೆಗೊಮ್ಮೆ ಬಾಗಿಲಿಗೆ ಬಂದು ರಸ್ತೆ ನೋಡುತ್ತಾಳೆ. "ಅಳಿಯ ಬರ್ಲಿ, ಮುಂದಿನ ಹೆಗಲು ಅವನದ್ದೇ. ಅವನು ಬರೋವರೆಗೂ ಪೆಟ್ಟಿಗೆ ಎತ್ತಬೇಡಿ" ಎಂದು ಎಲ್ಲರಿಗೂ ಹೇಳಿಟ್ಟಿದ್ದಾಳೆ. ನಾಳೆ ಬೆಳಿಗ್ಗೆ ಮಣ್ಣು ಮಾಡುತ್ತಾರೆ. ನಿನ್ನ ಕಪ್ಪು ಕೋಟನ್ನು ಉಜ್ಜಿ ಇಟ್ಟಿದ್ದೇನೆ.

ಪೆತ್ರಾಳ ಹಲ್ಲು ನಿನ್ನೆ ಹೊರಗೆ ಬಂತು, ಅಕ್ಕಿಕಾಳಿನಷ್ಟು. ಜ್ವರ ಇಳಿದಿದೆ. ಈಗ ಮಲಗಿದ್ದಾಳೆ, ಇಷ್ಟು ದಿನಕ್ಕೆ ಮೊದಲ ಸಲ. ನನಗೆ ಮಾತ್ರ ಇನ್ನೂ ನಿದ್ದೆ ಬರುತ್ತಿಲ್ಲ.

ದಾರಿಯಲ್ಲಿ ಜೋಪಾನ. ದೇವಮಾತೆ ನಿನ್ನ ಕುದುರೆಯ ಕಾಲು ಎಡವದ ಹಾಗೆ ನೋಡಿಕೊಳ್ಳಲಿ. ನಿನಗೂ ನಮ್ಮ ಮಗುವಿಗೂ ಒಳ್ಳೆಯದಾಗಲಿ.

ನಿನ್ನ
ಬೆನಿತಾ

ಮತ್ತೆ: ಮುಚ್ಚಿದ ಲಕೋಟೆಯನ್ನು ಒಡೆದು ಇದನ್ನು ಸೇರಿಸುತ್ತಿದ್ದೇನೆ. ನನ್ನ ಎರಡು ಕಾಗದಗಳೂ ಶುಕ್ರವಾರ ಒಟ್ಟಿಗೇ ಕೈಸೇರಿದವು ಎಂದು ನಿನ್ನ ಚೀಟಿಯಲ್ಲಿದೆ. ರೂಫಸ್ ಹೇಳುವುದೇ ಬೇರೆ. ಮೊದಲನೆಯದನ್ನು ಬುಧವಾರ ಮಧ್ಯಾಹ್ನ ತಾನೇ ನಿನ್ನ ಕೈಲಿಟ್ಟೆ ಎನ್ನುತ್ತಾನೆ. ನೀನು ನಕ್ಷೆಯ ಮೇಜಿಗೆ ಹಿಡಿಸಿದ ಛತ್ರಿಯ ಕೆಳಗೆ ನಿಂತು ಓದಿದೆಯಂತೆ. "ಜೀನು ಹಾಕ್ಲಾ ಸಾರ್?" ಎಂದು ಕೇಳಿದ್ದಕ್ಕೆ, "ಮುದುಕ ಎಲ್ಲೋ ನೆರಳಲ್ಲಿ ಮಲಗಿರ್ತಾನೆ. ಇಷ್ಟು ದಿನಕ್ಕೆ ಕಾಡ್ಗಿಚ್ಚಿನ ಹೊಗೆ ಹೋಗಿ ಗಾಳಿ ತಿಳಿಯಾಗಿದೆ, ಈ ಅಳತೆಯ ಸಾಲು ಮುಗಿಸಿಬಿಡೋಣ" ಅಂದೆಯಂತೆ. ಕಾಗದ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು, ಅವನ ಕೈಗೇ ಅಳತೆಕೋಲು ಕೊಟ್ಟೆಯಂತೆ. ಎರಡು ದಿನ ಹಿಡಿದು ನಿಂತಿದ್ದೆ ಎಂದು ಅಂಗೈ ತೋರಿಸಿದ.

ರೂಫಸ್ ಎಂಥ ಸುಳ್ಳ ಎಂದು ಈ ಊರಿಗೆಲ್ಲ ಗೊತ್ತು. ಕರಡಿಯ ಜೊತೆ ಮಲಗಿದ್ದೆ ಅನ್ನುತ್ತಾನೆ, ತನ್ನ ಹೇಸರಗತ್ತೆ ಮರಿ ಹಾಕಿತು ಅನ್ನುತ್ತಾನೆ. ನೀನು ಬಂದವನೇ, ಅಮ್ಮನನ್ನು ಮಾತಾಡಿಸುವ ಮೊದಲು, ಕೋಟು ಹಾಕಿಕೊಳ್ಳುವ ಮೊದಲು, ನನ್ನ ಹತ್ತಿರ ಬಂದು, ಅವನು ಹೇಳಿದ್ದು ಸುಳ್ಳು ಎನ್ನು. ಅಷ್ಟು ಅಂದರೆ ಸಾಕು. ನಾನು ಮತ್ತೆ ಅವನನ್ನೂ ಕೇಳುವುದಿಲ್ಲ, ನಿನ್ನನ್ನೂ ಕೇಳುವುದಿಲ್ಲ. ನಂಬುತ್ತೇನೆ.